ಕರಿಯಕ್ಕನ ಮುದ್ದೆ ಕೋಲು

ಕರಿಯಕ್ಕ ಸತ್ತ ಮೇಲೆ ಮಾತು ಕಡಿಮೆ ಮಾಡಿದ್ದಳೇ ಹೊರತು ಮನೆ ಬಿಟ್ಟಿರಲಿಲ್ಲ. ಬಿ.ಜಿ. ಕೆರೆಯಲ್ಲಿ ಇದು ಎಲ್ಲರಿಗೂ ಗೊತ್ತು. ಅನುಮಾನ ಇದ್ದದ್ದು ಮಗ ತಿಪ್ಪೇರುದ್ರನೊಬ್ಬನಿಗೆ. ಅವನೋ ಉಣ್ಣುವ ಹೊತ್ತು ಬಿಟ್ಟರೆ ಮನೆಯಲ್ಲಿ ಇರುವವನೇ ಅಲ್ಲ.

ಸೊಸೆ ಕಾಂಚನಾಗೆ ಮಾತ್ರ ದಿನವೂ ಕೇಳುತ್ತಿತ್ತು. ಚಳ್ಳಕೆರೆಯಿಂದ ಕರೆಂಟಿನ ಮುದ್ದೆ ಮಷೀನು ತಂದಾಗಿನಿಂದ, ಅದರ ಗುಂಡಿ ಒತ್ತಿದರೆ ಸಾಕು, ಅಡುಗೆಮನೆಯ ಮೂಲೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಬದುಕಿದ್ದಾಗ ಅತ್ತೆ, ಸೊಸೆ ತಿರುವಿದ ಮುದ್ದೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡದೆ ಉಂಡವಳಲ್ಲ. ಒತ್ತಿ, "ಗಂಟೈತೆ" ಅನ್ನುವಳು. ಅಷ್ಟೇ. ಉಂಡಾದ ಮೇಲೆ ಕಮರದ ಮರದ ಮುದ್ದೆ ಕೋಲನ್ನು ತಾನೇ ತೊಳೆದು, ಕದದ ಹಿಂದೆ ತಲೆಕೆಳಗಾಗಿ ನಿಲ್ಲಿಸುವಳು. ಸೊಸೆಯ ಕೈಗೆ ಆ ಕೆಲಸ ಬಿಟ್ಟವಳಲ್ಲ. ಅವಳು ಹೋದದ್ದೇ ತಡ, ಕಾಂಚನಾ ಕೋಲನ್ನು ನೀರೊಲೆಯ ಸೌದೆಗೆ ಎಸೆದು ಮಷೀನು ತರಿಸಿದ್ದಳು. ಮಷೀನಿನ ಮುದ್ದೆಯಲ್ಲಿ ಗಂಟಿರುವುದಿಲ್ಲ.

ಹಿರಿಯರ ಹಬ್ಬ ಬಂತು. ಕರಿಯಕ್ಕನಿಗೆ ಮೊದಲ ಎಡೆ. ಸತ್ತವರಿಗೆ ಇಷ್ಟವಾದದ್ದು ಬಡಿಸಿ, ಸೀರೆ ಬಳೆ ಇಟ್ಟು, ಕದ ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಉಂಡು ಹೋಗುತ್ತಾರೆ. ಉಣ್ಣದಿದ್ದರೆ ಹೋಗುವುದಿಲ್ಲ, ಹಸಿದುಕೊಂಡು ಮನೆಯಲ್ಲೇ ತಿರುಗುತ್ತಾರೆ. ಕಾಂಚನಾಗೆ ಬೇಕಾದದ್ದು ಇಷ್ಟೇ: ಅತ್ತೆ ಉಣ್ಣಬೇಕು, ಹೊರಡಬೇಕು.

ಮಧ್ಯಾಹ್ನ ಮಷೀನಿನ ಮುದ್ದೆ ಎಡೆಗಿಟ್ಟು ಜಗಲಿಯಲ್ಲಿ ಕೂತರು. ಪಕ್ಕದ ಮನೆಯ ನಾಗಕ್ಕನೂ ಎಲೆಯಡಿಕೆ ಹಿಡಿದು ಬಂದಳು. ಸ್ವಲ್ಪ ಹೊತ್ತಿನ ಮೇಲೆ ಕದ ತೆಗೆದರೆ ಮುದ್ದೆ ಹೊಸ್ತಿಲ ಮೇಲೆ ಕೂತಿತ್ತು, ಹೊರಗೆ ಹಾಕಿಸಿಕೊಂಡ ನೆಂಟನ ಹಾಗೆ.

"ಬೆಕ್ಕು ಉರುಳ್ಸೈತೆ," ಅಂದ ತಿಪ್ಪೇರುದ್ರ.

ನಾಗಕ್ಕ ಬಗ್ಗಿ ನೋಡಿದಳು. ಮುದ್ದೆಯ ನೆತ್ತಿಯಲ್ಲಿ ಹೆಬ್ಬೆರಳಿನ ಗುಳಿ. "ಯಾವೂರ ಬೆಕ್ಕಲೇ ಅದು, ಹೆಬ್ಬೆಟ್ಟು ಒತ್ತೋದು?"

ಕಾಂಚನಾ ಎದ್ದು ನೀರೊಲೆಗೆ ಹೋದಳು. ಕೋಲಿನ ಜೊತೆ ಬಿದ್ದಿದ್ದ ಸೌದೆಯೆಲ್ಲ ಎಂದೋ ಉರಿದು, ಆ ಬೂದಿಯಲ್ಲಿ ಪಾತ್ರೆ ಬೆಳಗಿಯೂ ಆಗಿತ್ತು. ಕೋಲೊಂದು ಮಾತ್ರ ತುದಿ ಕಪ್ಪಾಗಿ ಒಲೆಯೊಳಗೆ ಒರಗಿಕೊಂಡಿತ್ತು, ಯಾರಾದರೂ ಕರೆಯಲಿ ಅಂತ ಕಾದ ಹಾಗೆ. ಅದು ಬೆಚ್ಚಗಿತ್ತು. ಅವತ್ತು ಒಲೆ ಹಚ್ಚಿರಲಿಲ್ಲ.

ಕೋಲಿನ ಕರಿ ಕೆರೆದು, ಎಸರಿಟ್ಟು, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ತಿರುವಿದಳು. ಕೈಗೆ ರೂಢಿ ತಪ್ಪಿ ಗಂಟಾಯಿತು; ಆದದ್ದು ಅವಳಿಗೇ ತಿಳಿಯಿತು. ಆದರೂ ಎಡೆಗಿಟ್ಟು, ಹಿಟ್ಟು ಮೆತ್ತಿದ ಕೋಲನ್ನು ಪಾತ್ರೆಯಲ್ಲೇ ಬಿಟ್ಟು, ಕದ ಮುಚ್ಚಿ ಬಂದಳು.

ಒಳಗೆ ನೀರು ಸುರಿದ ಸದ್ದಾಯಿತು. ತಿಪ್ಪೇರುದ್ರ ಈ ಸಲ ಬೆಕ್ಕಿನ ಮಾತೆತ್ತಲಿಲ್ಲ.

ಕದ ತೆಗೆದರು. ಮುದ್ದೆ ಇರಲಿಲ್ಲ, ಸಾರೂ ಇರಲಿಲ್ಲ. ಎಲೆಯ ಅಂಚಿನಲ್ಲಿ ಕಡಲೆಕಾಳಿನಷ್ಟು ಒಣ ಹಿಟ್ಟಿನ ಗಂಟೊಂದನ್ನು ಯಾರೋ ಆರಿಸಿ ತೆಗೆದಿಟ್ಟಿದ್ದರು.

"ಉಂಡ್ಳು," ಅಂತ ಕಾಂಚನಾ ಉಸಿರು ಬಿಟ್ಟಳು. "ಹೋದ್ಲು ಬಿಡು ನಾಗಕ್ಕ."

ನಾಗಕ್ಕ ಕದದ ಹಿಂದೆ ನೋಡುತ್ತಿದ್ದಳು. ತೊಳೆದ ಕೋಲು ತಲೆಕೆಳಗಾಗಿ ನಿಂತಿತ್ತು. ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಹೊರಡೋರು ಯಾರಾದ್ರೂ ನಾಳೀಕೆ ಅಂತ ಕೋಲು ತೊಳೆದಿಡ್ತಾರೇನೆ, ಹುಚ್ಚಿ?" ಅಂದಳು.

ಸಂಜೆ ಕಾಂಚನಾ ಮಷೀನಿನ ವೈರು ಸುತ್ತಿ ಅಟ್ಟಕ್ಕೆ ಹಾಕಿದಳು. ಕೋಲು ತಗೊಂಡು ಮೂರು ಮುದ್ದೆ ಕಟ್ಟಿದಳು.

"ಇಬ್ರಿಗೆ ಮೂರ್ಯಾಕೆ?" ಅಂದ ತಿಪ್ಪೇರುದ್ರ.

"ನಿಮ್ಮವ್ವನ್ನ ಕೇಳ್ರಿ."

ಅವನು ನಗಲು ಬಾಯಿ ತೆಗೆದ. ಮೂಲೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಅವನು ಬಾಯಿ ಮುಚ್ಚಿ, ಎದ್ದು, ಇನ್ನೊಂದು ತಟ್ಟೆ ಹಾಕಿದ.