ಮೀನಿನ ಆಣೆ

ಅಮೃತಮ್ಮ ತೀರಿಹೋದ ತನ್ನಕ್ಕನ ತಲೆಗೆ ಬಿಸಿನೀರು ಹೊಯ್ಯುತ್ತಿದ್ದಾಗಲೇ ಪಡಸಾಲೆಯಿಂದ ಭಾವನ ದನಿ ಕೇಳಿಸಿತು. ಹೆಂಡತಿಯ ಹೆಣಕ್ಕೆ ಇನ್ನೂ ಸೀರೆ ಉಡಿಸಿಲ್ಲ, ಪರಮಣ್ಣ ಆಗಲೇ ಮೂರನೇ ದಿನ ಕುಣಿಯ ಮೇಲಿಡುವ ಎಡೆಗೆ ಏನೇನು ಮಾಡಬೇಕೆಂದು ಹೇಳತೊಡಗಿದ್ದ.

"ಹೋಳಿಗಿ ಇಡ್ರಿ, ಬದನಿಕಾಯಿ ಪಲ್ಯ ಇಡ್ರಿ. ಮೀನ ಮಾತ್ರ ಬ್ಯಾಡ. ದೇವಕಮ್ಮಗ ಅದರ ವಾಸನಿನೂ ಸೇರತಿರಲಿಲ್ಲ."

"ಹೌದ್ರಿ, ನಮ್ಮವ್ವ ಒಂದಿನಾನೂ ಮುಟ್ಟಲಿಲ್ಲ," ಎಂದು ಮಗ ದೇವಿಂದ್ರ ಬಂದವರಿಗೆ ಹೇಳಿದ.

ಅಮೃತಮ್ಮನ ಮೈ ಉರಿಯಿತು. ಚೊಂಬು ಕುಕ್ಕಿದಳು. ಸೇರತಿರಲಿಲ್ಲವಂತೆ! ಹೊಳೆ ದಂಡೆಯ ಊರಲ್ಲಿ ಹುಟ್ಟಿ, ಮುಳ್ಳು ಸಹಿತ ಅಗಿದು ನುಂಗುತ್ತಿದ್ದವಳಿಗೆ!

*

ದೇವಿಂದ್ರ ಆಗ ಮೊಲೆ ಕುಡಿಯುವ ಕೂಸು. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಕೊಂಕಲ್ ಊರಿನಾಚೆಯ ಹೊಳೆಗೆ ಮೀನು ಹಿಡಿಯಲು ಹೋಗಿದ್ದರು. ಹೊಳೆ ಬತ್ತಿ ಮಡುವಿನಲ್ಲಷ್ಟೇ ನೀರಿತ್ತು. ಮೊದಲು ಸಿಕ್ಕ ಮೀನು ಹೊಳೆತಾಯಿ ಗಂಗವ್ವನದು. ಅದನ್ನು ನೀರಿಗೆ ಬಿಟ್ಟ ಮೇಲೆಯೇ ಉಳಿದವರ ಬಾಯಿಗೆ. ಕೂಸಿಗೆ ಹಾಲೂಡಿಸಿ ಹಸಿದು ಕಂಗಾಲಾಗಿದ್ದ ದೇವಕಮ್ಮ, ಗಂಡ ಇನ್ನೂ ಬಲೆ ಬಿಡಿಸುತ್ತಿರುವಾಗಲೇ ಸಣ್ಣದೊಂದು ಮೀನನ್ನು ಕೆಂಡಕ್ಕೆ ಹಾಕಿ ತಿಂದುಬಿಟ್ಟಳು. ಆಮೇಲೆ ಹೊತ್ತು ಮುಳುಗುವತನಕ ಬಲೆ ಬರಿದಾಗಿಯೇ ಮೇಲೆ ಬಂತು.

"ನಿನ್ನ ನಾಲಿಗಿ ಚಟಕ್ಕ ಗಂಗವ್ವ ಮುನಿಸ್ಕೊಂಡಾಳ," ಎಂದು ಪರಮಣ್ಣ ಆಕೆಯ ಕೈ ಹಿಡಿದೆಳೆದು ಕೂಸಿನ ನೆತ್ತಿಯ ಮೇಲಿಟ್ಟ. "ಇನ್ನ ಮೀನ ತಿನ್ನಂಗಿಲ್ಲ ಅನ್ನು. ನಾ ಬಿಡಸೂತನಕ ಮಗನ ಆಣಿ."

ಅಕ್ಕ ಹಾಗೆಯೇ ಅಂದಳು. ಅಂದಿನಿಂದ ಆ ಮನೆಗೆ ಬಂದ ಮೀನನ್ನೆಲ್ಲ ಹೆರೆದು, ಉಪ್ಪು ಖಾರ ಸವರಿ, ಹುರಿದು ಬಡಿಸಿದವಳು ಅವಳೇ.

"ಆಣಿ ಬಿಡಸು ಅಂತ ಕೇಳಬಾರದೇನಕ್ಕ?" ಎಂದು ಅಮೃತಮ್ಮ ಎಷ್ಟೋ ಸಲ ಗದರಿದ್ದಳು.

"ತಾನಾಗೇ ನೆನಸಲಿ ಬಿಡು. ಮಗನ ಮುಂದ ಮಾತ್ರ ಹೇಳಬ್ಯಾಡ, ಅಪ್ಪನ ಮ್ಯಾಲ ಸಿಟ್ಟಾಗ್ತಾನ."

*

ಕುಣಿಯ ಬಳಿ ಎಲ್ಲರೂ ಹಿಡಿಮಣ್ಣು ತೆಗೆದುಕೊಂಡಾಗ ಅಮೃತಮ್ಮ ಭಾವನಿಗೆ ಅಡ್ಡ ನಿಂತಳು.

"ಮಣ್ಣ ಹಾಕೂಕಿಂತ ಮೊದಲ ಆಣಿ ಬಿಡಸ್ರಿ ಭಾವಾ. ಸತ್ತ ಮ್ಯಾಲರ ಅಕ್ಕ ಮೀನ ತಿನ್ನಲಿ."

"ಯಾವ ಆಣಿ?"

"ಹೊಳಿ ದಂಡಿಮ್ಯಾಲ, ಈ ದೇವಿಂದ್ರನ ನೆತ್ತಿ ಮುಟ್ಟಿಸಿ ಹಾಕ್ಸಿದ್ದು. ಆವತ್ತಿಂದ ಆಕಿ ಮೀನ ಬಾಯಾಗ ಇಟ್ಟಿಲ್ಲ."

ಪರಮಣ್ಣ ಹುಬ್ಬು ಗಂಟಿಕ್ಕಿ ನೆನಪಿಸಿಕೊಳ್ಳಲು ನೋಡಿದ. ನಾಟಕವಲ್ಲ, ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಅದನ್ನು ಕಂಡೇ ಅಮೃತಮ್ಮನಿಗೆ ಅಳು ಒತ್ತರಿಸಿ ಬಂತು.

"ಸಿಟ್ಟಿನಾಗ ಏನರ ಅಂದಿರಬೇಕು. ಅಷ್ಟಕ್ಕ ಯಾರರ ತಿನ್ನೂದು ಬಿಡ್ತಾರೇನು? ಹುಚ್ಚಿ!" ಎಂದು ಆತ ತನ್ನ ಪಾಲಿನ ಮಣ್ಣು ಹಾಕಿ, ಧೋತರಕ್ಕೆ ಕೈ ಒರೆಸಿಕೊಂಡ. "ಲಗೂನ ಮುಚ್ರಿ, ಬಿಸಲೇರಾಕತ್ತದ."

ಸಲಿಕೆಗಳು ಎದ್ದವು. ದೇವಿಂದ್ರ ಮಾತ್ರ ಕದಲಲಿಲ್ಲ. ಅವ್ವನಿಗೆ ಹಾಕಬೇಕಾದ ಮಣ್ಣು ಒಂದು ಕೈಯಲ್ಲಿ ಹಾಗೆಯೇ ಇತ್ತು. ಇನ್ನೊಂದು ಕೈ ತನ್ನ ನೆತ್ತಿಯ ಮೇಲಿತ್ತು.