ಎರಡು ಸಾಲುಗಳ ಸರದಿ

ಒಂದು ಪ್ಲಗಿನ್ ಆಫ್ ಮಾಡುವುದು, ಬ್ರೌಸರ್ ಕೂಡಿಟ್ಟದ್ದನ್ನೆಲ್ಲ ಅಳಿಸಿ ಪುಟವನ್ನು ಮತ್ತೆ ತೆರೆಯುವುದು, ಕೆಂಪು ಸಾಲು ಹೋಯಿತೇ ಎಂದು ನೋಡುವುದು. ಬೆಳಗಿನಿಂದ ಅವಳು ಇದನ್ನೇ ಮಾಡುತ್ತಿದ್ದಳು. ಪತ್ರಿಕೆಯವರು ಲೇಖನ ಟೈಪಿಸುವ ಪೆಟ್ಟಿಗೆ ಪರದೆಯ ಮೇಲೆ ಬೋಳಾಗಿ ನಿಂತಿತ್ತು. ಅಕ್ಷರ ದಪ್ಪ ಮಾಡುವ ಬಟನ್ನಿಲ್ಲ, ಚಿತ್ರ ಸೇರಿಸುವ ಬಟನ್ನೂ ಇಲ್ಲ. ಕೆಳಗೆ ಜಾವಾಸ್ಕ್ರಿಪ್ಟಿನ ದೂರು ಮಾತ್ರ ಕೆಂಪಗೆ ಬರುತ್ತಿತ್ತು: ಕರೆದದ್ದು ಇಲ್ಲಿಲ್ಲ.

ಮೊದಲು ಅಲ್ಲಿದ್ದದ್ದು ಅವಳೇ ಕಟ್ಟಿದ ಪೆಟ್ಟಿಗೆ. ನೋಡಲು ಅಂದವಿಲ್ಲದಿದ್ದರೂ ವರ್ಷಗಟ್ಟಲೆ ದುಡಿದಿತ್ತು. ಅದನ್ನು ತೆಗೆದು ಈ ಹೊಸ ಎಡಿಟರ್ ತಂತ್ರಾಂಶ ಕೂರಿಸಿದವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಆ ಕಿರಿಯಳಿಗೆ ಈ ಕೆಲಸದ ಓನಾಮ ಕಲಿಸಿದವಳೂ ಹಿರಿಯಳಾದ ಅವಳೇ, ಕೈಹಿಡಿದು ಈ ಆಫೀಸಿಗೆ ತಂದು ಸೇರಿಸಿದವಳೂ ಅವಳೇ. ಈಗ ಸಂಪಾದಕರು ಏನು ಬೇಕಾದರೂ "ಚಿಕ್ಕವ್ರನ್ನ ಕರೀರಿ" ಎನ್ನುತ್ತಿದ್ದರು. ಮನೆಯಲ್ಲಿ ಅತ್ತೆಯ ಬಾಯಲ್ಲೂ ಅದೇ. ಇವತ್ತು ಬೆಳಿಗ್ಗೆ ತಿಂಡಿಗೆ ಕೂತಾಗಲೂ, "ಚಿಕ್ಕೋಳ ಕೈಗುಣ ಬಿಡು, ಮುಟ್ಟಿದ್ದೆಲ್ಲ ಆಗುತ್ತೆ" ಎಂದಿದ್ದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ಕಾಫಿಯ ಜೊತೆ ನುಂಗಿಕೊಂಡಿದ್ದಳು.

ಸಂಪಾದಕರು ಬಾಗಿಲಲ್ಲಿ ಇಣುಕಿದರು. "ಊಟದ ಹೊತ್ತಿಗೆ ಸರಿ ಹೋಗ್ದಿದ್ರೆ ನಿಮ್ಮ ಹಳೇದನ್ನೇ ಹಾಕ್ಬಿಡಿ. ಚೆಂದ ಕಟ್ಕೊಂಡು ಏನ್ ಮಾಡೋಣ, ಬರಿಯೋಕೆ ಆಗ್ಬೇಕಲ್ಲ."

ಅವಳ ಎದೆಯೊಳಗೆ ಏನೋ ಹಿತವಾಗಿ ಬೆಚ್ಚಗಾಯಿತು.

ಎದುರು ಮೇಜಿನಿಂದ ಕಿರಿಯಳು ಅಳುವ ದನಿಯಲ್ಲಿ, "ನನ್ನ ಹತ್ರ ಸರಿಯಾಗೇ ಬರ್ತಿದೆ ಅಕ್ಕ. ನೀವೇ ಬಂದು ನೋಡಿ" ಎಂದಳು.

ಹೌದು, ಅಲ್ಲಿ ಎಲ್ಲ ಬಟನ್ನುಗಳೂ ಮಿರುಗುತ್ತಿದ್ದವು. ಕಿರಿಯಳೊಬ್ಬಳ ಹತ್ತಿರ ಮಾತ್ರ ಯಾಕೆ? ಹಿಂದಿರುಗಿ ಪುಟದ ಕೋಡನ್ನು ಮೇಲಿನಿಂದ ಓದತೊಡಗಿದಾಗ ತಾನಾಗಿಯೇ ಕಣ್ಣಿಗೆ ಬಿತ್ತು. ಎರಡು ಸಾಲುಗಳ ಸರದಿ ತಪ್ಪಿತ್ತು. ಎಡಿಟರನ್ನು ಎಬ್ಬಿಸುವ ಸಾಲು ಮೊದಲು, ಬಟನ್ನುಗಳನ್ನು ಒದಗಿಸುವ ಪ್ಲಗಿನ್ನಿನ ಫೈಲನ್ನು ತರಿಸುವ ಸಾಲು ಆಮೇಲೆ. ಅಡಿಗೆಯವಳು ಬರುವ ಮೊದಲೇ ಊಟಕ್ಕೆ ಕೂತಂತೆ. ಕಿರಿಯಳ ಬ್ರೌಸರ್ ಆ ಫೈಲನ್ನು ಹಿಂದೆಂದೋ ತರಿಸಿ ತನ್ನಲ್ಲೇ ಇಟ್ಟುಕೊಂಡಿದ್ದರಿಂದ ಅದು ತಟ್ಟನೆ ಸಿಗುತ್ತಿತ್ತು. ಮಿಕ್ಕವರಿಗೆ ತಡವಾಗುತ್ತಿತ್ತು, ಅಷ್ಟೆ.

ತನ್ನ ಕಂಪ್ಯೂಟರಿನಲ್ಲಿ ಮಾತ್ರ ಆ ಸಾಲುಗಳನ್ನು ಅದಲುಬದಲು ಮಾಡಿ ನೋಡಿದಳು. ಪೆಟ್ಟಿಗೆ ಅರಳಿಕೊಂಡಿತು. ಅಂಕಣಕಾರರೊಬ್ಬರ ಗಜಿಬಿಜಿ ಲೇಖನವನ್ನು ತಂದು ಅಂಟಿಸಿದಳು. ತನ್ನ ಹಳೆಯ ಪೆಟ್ಟಿಗೆಯಾಗಿದ್ದರೆ ಅರ್ಧದಷ್ಟು ಅಕ್ಷರಗಳು ಚೌಕಗಳಾಗುತ್ತಿದ್ದವು. ಇಲ್ಲಿ ಒಂದು ಒತ್ತೂ ಕದಲಲಿಲ್ಲ. ಅದು ಚೆನ್ನಾಗಿದ್ದದ್ದೇ ಅವಳಿಗೆ ತಡೆಯಲಾಗಲಿಲ್ಲ.

"ಏನಾದ್ರೂ ಸಿಕ್ತಾ ಅಕ್ಕ?"

"ಇನ್ನೂ ಇಲ್ಲ."

ಊಟದ ಹೊತ್ತಾಯಿತು. ಕಿರಿಯಳು ಡಬ್ಬಿ ತೆರೆಯದೆ ಉಗುರು ಕಚ್ಚುತ್ತ ಕೂತಿದ್ದಳು. ಮದುವೆಯಾಗಿ ಬಂದ ಹೊಸತರಲ್ಲೂ, ಅತ್ತೆ ಏನಾದರೂ ಅಂದರೆ, ಹೀಗೇ ಉಗುರು ಕಚ್ಚಿಕೊಂಡು ಅವಳ ಕೋಣೆಗೆ ಬರುತ್ತಿದ್ದಳು. ಸಂಪಾದಕರ ಹೆಜ್ಜೆ ಸಪ್ಪಳ ಹತ್ತಿರವಾಗುತ್ತಿದ್ದಂತೆ ಹಿರಿಯಳು, ತಾನು ಸರಿಪಡಿಸಿದ್ದನ್ನು ಎಲ್ಲರಿಗೂ ಕಳಿಸುವ ಬಟನ್ ಒತ್ತಿಬಿಟ್ಟಳು.

"ಬಂತು, ಬಂತು" ಎಂದು ಬರೆಯುವವರ ಕೋಣೆಯಿಂದ ಯಾರೋ ಕೂಗಿದರು. ಸಂಪಾದಕರು ನೇರವಾಗಿ ಕಿರಿಯಳ ಮೇಜಿಗೆ ಹೋಗಿ, "ನೋಡಿದ್ರಾ, ನಾನು ಹೇಳ್ಲಿಲ್ವಾ ಚಿಕ್ಕವ್ರು ಬಿಡೋದಿಲ್ಲ ಅಂತ" ಎಂದರು.

"ಅಯ್ಯೋ, ನಾನಲ್ಲ ಸಾರ್, ಅಕ್ಕ ಸರಿ ಮಾಡಿದ್ದು."

"ಇರ್ಲಿ ಇರ್ಲಿ, ಮನೆಯವರೇ ಅಲ್ವಾ" ಎಂದು ನಗುತ್ತ ಅವರು ಹೊರಟುಹೋದರು.

ಸಂಜೆ ಬ್ಯಾಗು ತುಂಬಿಕೊಳ್ಳುವಾಗ ಕಿರಿಯಳು ಪಕ್ಕಕ್ಕೆ ಬಂದಳು. "ಯಾಕೆ ಹಾಗಾಗ್ತಿತ್ತು ಅಕ್ಕ? ಕಾರಣ ಗೊತ್ತಿಲ್ದೆ ಸರಿ ಮಾಡಿದ್ದು ಸರಿ ಮಾಡಿದ್ದಲ್ಲ ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

"ಏನೋ ಸಣ್ಣದು ಕಣೇ. ಒಂದೊಂದ್ಸಲ ಹಾಗಾಗುತ್ತೆ."

"ನಾಳೆ ಓದುಗರು ಪತ್ರ ಬರೆಯೋ ಪುಟಕ್ಕೂ ಈ ಎಡಿಟರನ್ನೇ ಹಾಕ್ತಿದ್ದೀನಿ. ಅದನ್ನ ನೋಡೋಕೆ ಸಂಪಾದಕರು ಮಾಲೀಕರನ್ನೂ ಕರ್ಕೊಂಡು ಬರ್ತಾರಂತೆ. ಒಂದ್ಸಲ ನೋಡಿಬಿಡಿ, ನೀವು ನೋಡಿದ್ರೆ ನಂಗೆ ಧೈರ್ಯ."

ಅವಳು ಬಾಗಿ ನೋಡಿದಳು. ಮೇಲೆಯೇ ಇದ್ದವು, ಆ ಎರಡು ಸಾಲುಗಳು. ಎಬ್ಬಿಸುವುದು ಮೊದಲು, ತರಿಸುವುದು ಆಮೇಲೆ. ಕಿರಿಯಳು ಪುಟ ತೆರೆದು ತೋರಿಸಿದಳು. ಬಟನ್ನುಗಳೆಲ್ಲ ಸಾಲಾಗಿ ಬಂದು ನಿಂತವು.

"ನನ್ನ ಹತ್ರ ಸರಿಯಾಗೇ ಬರ್ತಿದೆ" ಎಂದಳು ಕಿರಿಯಳು.

"ಹೂಂ. ಚೆನ್ನಾಗಿದೆ."

ಅವಳು ದೀಪ ಆರಿಸಿದಳು. ಬಾಗಿಲ ಹತ್ತಿರ ಓರಗಿತ್ತಿಯನ್ನು ನಿಲ್ಲಿಸಿ, ಹೆಗಲಿನಿಂದ ಜಾರಿದ್ದ ಶಾಲನ್ನು ಮೇಲೆತ್ತಿ ಕುತ್ತಿಗೆಗೆ ಸರಿಯಾಗಿ ಸುತ್ತಿದಳು. "ಹೊರಗೆ ಚಳಿ ಇದೆ" ಎಂದಳು.