ಅಚ್ಚಿನ ಮಸಿ

ಒದ್ದೆ ಹೊದಿಕೆ ಹಿಂಡುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಒಂದು ತುದಿ ನಾನು ಹಿಡಿದಿದ್ದೆ, ಇನ್ನೊಂದು ತುದಿ ಮಗಳು. ನಾನು ತಿರುವಿದ ಕೂಡಲೇ ಅವಳು ಬಟ್ಟೆಯ ಜೊತೆ ತಾನೂ ಗಿರಕಿ ಹೊಡೆಯುತ್ತಿದ್ದಳು.

“ವಟರಾಣೀ, ನೀನು ತಿರುಗಬೇಡ ಕಣೇ, ಬಟ್ಟೆ ತಿರುಗಿಸು.”

“ಬಟ್ಟೇನೇ ನನ್ನ ತಿರುಗಿಸ್ತಿದೆ, ನಾನೇನ್ ಮಾಡ್ಲಿ?”

ಏಳು ವರ್ಷದ ಅವಳಿಗೆ ಆ ಹೆಸರಿಟ್ಟವರು ಅವಳಪ್ಪ. ನಿದ್ದೆಯಲ್ಲೂ ಬಾಯಿ ಮುಚ್ಚದ ಹುಡುಗಿ. ಅವತ್ತು ಮಾತ್ರ ಏನನ್ನೋ ಬಚ್ಚಿಟ್ಟುಕೊಂಡು ತನ್ನಷ್ಟಕ್ಕೆ ನಗುತ್ತಿದ್ದಳು.

“ಅಪ್ಪಂಗೆ ಇವತ್ತು ಒಂದು ಸರ್‌ಪ್ರೈಸ್ ಇದೆ.”

“ಏನೇ ಅದು?”

“ಹೇಳಿಬಿಟ್ರೆ ಸರ್‌ಪ್ರೈಸ್ ಹೇಗಾಗುತ್ತೆ? ನಿಂಗೇನೂ ಗೊತ್ತಾಗಲ್ಲಮ್ಮ.”

ಅಷ್ಟರಲ್ಲಿ ಹಿತ್ತಿಲ ಶೆಡ್ಡಿನಿಂದ ಪಟಾರ್ ಎಂದು ಸದ್ದಾಯಿತು. ಅದರ ಹಿಂದೆಯೇ ನನ್ನ ಗಂಡನ ಕೂಗು.

ಹೊದಿಕೆ ಮಣ್ಣಿಗೆ ಬಿತ್ತು.

ಶೆಡ್ಡಿನಲ್ಲಿ ಅವರು ಗೋಡೆಗೆ ಒರಗಿ, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತಿದ್ದರು. ಕನ್ನಡಕ ಹಣೆಯ ಮೇಲಿತ್ತು. ಅಚ್ಚಿನ ತೂತಿಗೆ ಕರಗಿಸಿದ ಸೀಸ ಸರಿಯಾಗಿ ಇಳಿಯುತ್ತಿದೆಯೋ ಇಲ್ಲವೋ ನೋಡಲು ಅದನ್ನು ಮೇಲೆ ಸರಿಸಿ ಬಗ್ಗಿದ್ದರಂತೆ. ಗೋಡೆಯ ಮೇಲೆ, ಬೆಂಚಿನ ಮೇಲೆ, ಅವರ ತುಂಬುತೋಳಿನ ಅಂಗಿಯ ಮೇಲೆ ಬೆಳ್ಳನೆಯ ಸಾಸಿವೆ ಎರಚಿದ ಹಾಗೆ ಸೀಸದ ಹನಿಗಳು ಅಂಟಿಕೊಂಡಿದ್ದವು.

“ಏನಿಲ್ಲ, ಏನಿಲ್ಲ,” ಎನ್ನುತ್ತಲೇ ಇದ್ದರು. ಏನೂ ಆಗದಿದ್ದವರು ಹಾಗೆ ಹೇಳುವುದಿಲ್ಲ.

ಒಲೆಯ ಸ್ವಿಚ್ಚು ಆರಿಸಿದೆ, ಅವರನ್ನು ನಲ್ಲಿಯ ಕೆಳಗೆ ಕೂರಿಸಿ ಕಣ್ಣಿಗೆ ನೀರು ಬಿಟ್ಟೆ. ಪಕ್ಕದ ಮನೆಯ ಆಟೋದವನು ಬನಿಯನ್ನಿನಲ್ಲೇ ಓಡಿಬಂದ. ಮಗಳು ಬಾಗಿಲಲ್ಲಿ ನಿಂತಿದ್ದಳು. “ಬಾ, ಆಟೋ ಹತ್ತು,” ಎಂದೆ. ಹತ್ತಿದಳು. ಒಂದು ಮಾತೂ ಆಡಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನನಗೆ ಹಿಂದಿನ ತಿಂಗಳೆಲ್ಲ ಕಣ್ಣ ಮುಂದೆ ಬಂತು. ನನ್ನ ಗಂಡ ಟೈರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ವಾರದ ರಜೆ ಬಂದರೆ ಗಾಳ ಹಿಡಿದು ನೀರಿನ ದಡ ಸೇರುವವರು. ಗಾಳದ ಕೊರಳಿಗೆ ಸೀಸದ ಪುಟ್ಟ ತಲೆ ಇರುವ ಜಿಗ್ ಎಂಬುದನ್ನು ಅಂಗಡಿಯಿಂದ ತರುವುದು, ಅದು ಬಂಡೆಯ ಸಂದಿಗೆ ಸಿಕ್ಕಿ ಕಿತ್ತುಹೋಗುವುದು. “ಮೀನು ಹಿಡಿಯೋಕೆ ಹೋಗ್ತೀರೋ, ಬಂಡೆಗೆ ಒಡವೆ ಹಾಕೋಕೆ ಹೋಗ್ತೀರೋ?” ಎಂದು ನಾನು ಆಡಿಕೊಳ್ಳುತ್ತಿದ್ದೆ. ತೂಕ ಸರಿದೂಗಿಸಲು ಚಕ್ರಕ್ಕೆ ಬಡಿಯುವ ಹಳೆಯ ಸೀಸದ ತುಂಡುಗಳು ಅಂಗಡಿಯ ಮೂಲೆಯಲ್ಲಿ ರಾಶಿ ಬಿದ್ದಿರುತ್ತವಲ್ಲ, ಅವನ್ನೇ ಕರಗಿಸಿ ತಾನೇ ಜಿಗ್ ಎರೆಯುತ್ತೇನೆ ಎಂದು ಹೊರಟರು. ಪರಿಚಯದ ದೋಣಿಯವನು ವಿಧಾನ ಹೇಳಿಕೊಟ್ಟ. ನಾನು ಹೆದರಿ ಕಟ್ಟುಪಾಡು ಹಾಕಿದೆ: ಅಡುಗೆಮನೆಯ ಒಂದು ಸೌಟನ್ನೂ ಮುಟ್ಟಕೂಡದು, ಶೆಡ್ಡಿನ ಕಿಟಕಿ ತೆರೆದಿರಬೇಕು, ಸ್ನಾನ ಮಾಡದೆ ಮಗುವನ್ನು ಎತ್ತಿಕೊಳ್ಳಬಾರದು, ಮಗು ಶೆಡ್ಡಿನ ಹೊಸ್ತಿಲು ದಾಟಬಾರದು. ಎಲ್ಲಕ್ಕೂ ಹೂಂ ಎಂದಿದ್ದರು.

ಹಿಂದಿನ ಸಂಜೆ ಹೊಸ ಅಚ್ಚನ್ನು ಅಡುಗೆಮನೆಗೆ ತಂದು ತೋರಿಸಿದರು. ಪುಸ್ತಕದ ಹಾಗೆ ತೆರೆದು ಮುಚ್ಚುವ ಅಲ್ಯೂಮಿನಿಯಂ ಅಚ್ಚು. ಸೀಸ ಸಲೀಸಾಗಿ ಹರಿಯಲಿ ಎಂದು ಒಳಗೆಲ್ಲ ಮೋಂಬತ್ತಿಯ ಹೊಗೆ ಹಿಡಿಸಿದ್ದರು. ಕರ್ರಗೆ ಮಸಿ.

“ಅಯ್ಯೋ, ಈ ಮಸಿ ಮುಸುಡಿನ ಸಾಮಾನನ್ನ ಒಳಗ್ಯಾಕೆ ತಂದ್ರಿ? ಆಚೆ ಇಡಿ ಮೊದಲು,” ಎಂದೆ. ಅವರು ನಗುತ್ತಾ ಹಿತ್ತಿಲ ಕಟ್ಟೆಯ ಮೇಲೆ, ತೊಳೆಯಲು ಹಾಕಿದ ಪಾತ್ರೆಗಳ ಪಕ್ಕ ಇಟ್ಟರು.

ಡಾಕ್ಟರಮ್ಮ ಹೊರಗೆ ಬಂದು ನನ್ನ ಪಕ್ಕದಲ್ಲೇ ಕೂತರು. “ರೆಪ್ಪೆ ಸಮಯಕ್ಕೆ ಮುಚ್ಚಿಕೊಂಡಿದೆ, ಪುಣ್ಯ. ಆದ್ರೂ ಕಣ್ಣಿನ ಮೇಲೆ ಒಂದು ಕಡೆ ಸುಟ್ಟಿದೆ. ನಾಳೆ ಪಟ್ಟಿ ಬಿಚ್ಚಿದ ಮೇಲೇನೇ ಎಷ್ಟು ಕಾಣುತ್ತೆ ಅಂತ ಹೇಳೋಕಾಗೋದು.”

“ಕಾಣುತ್ತೆ ಅಲ್ವಾ?”

“ನಾಳೆ ನೋಡೋಣಮ್ಮ.”

ಮಗಳು ನನ್ನ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಾ ಕೇಳಿಸಿಕೊಂಡಳು.

ಮನೆಗೆ ಬಂದು ಅವರನ್ನು ಮಲಗಿಸಿ, ಶೆಡ್ಡು ಗುಡಿಸಲು ಹೋದೆ. ಅಚ್ಚು ಬೆಂಚಿನ ಮೇಲೆ ಬಿದ್ದಿತ್ತು. ತೆರೆದೆ. ಒಳಗೆ ಅರೆಬರೆ ತುಂಬಿ ಗಟ್ಟಿಯಾದ ಸೀಸ. ಅದರ ಸುತ್ತ ಇರಬೇಕಾಗಿದ್ದ ಮಸಿ ಇರಲಿಲ್ಲ. ಅಚ್ಚಿನ ಗೆರೆಗಳೆಲ್ಲ ಫಳಫಳ ಹೊಳೆಯುತ್ತಿದ್ದವು. ಕೀಲಿನ ಸಂದಿಯಲ್ಲಿ ಪಾತ್ರೆ ಉಜ್ಜುವ ನಾರಿನ ಹಸಿರು ಎಳೆಯೊಂದು ಸಿಕ್ಕಿಕೊಂಡಿತ್ತು.

ನಾನು ಅಲ್ಲೇ ಕುಕ್ಕರಿಸಿದೆ.

ತಳ ಹಿಡಿದ ಪಾತ್ರೆಯನ್ನು ಅವಳು ಉಜ್ಜಿ ತಂದಾಗೆಲ್ಲ, “ಮುಖ ನೋಡ್ಕೋಬಹುದಲ್ಲೇ!” ಎಂದು ಹೊಗಳುವವಳು ನಾನೇ. ಬೆಳಿಗ್ಗೆ ಬೇಗ ಎದ್ದು, ಪಾತ್ರೆಗಳ ಜೊತೆ ಇದ್ದ ಅಚ್ಚನ್ನೂ ತೊಳೆದು, ಮೇಲೆಲ್ಲ ಒರೆಸಿ, ಮುಚ್ಚಿ ಇಟ್ಟಿದ್ದಾಳೆ. ಸರ್‌ಪ್ರೈಸ್. ಮೊದಲ ಸಲ ಅಚ್ಚಿನೊಳಗೆ ಗಾಳ ಇಡದೆ ಬರಿಯ ಸೀಸ ಸುರಿದು ನೋಡು ಎಂದಿದ್ದನಂತೆ ದೋಣಿಯವನು. ಹಾಗಾಗಿ ಇವರು ಅಚ್ಚನ್ನು ತೆರೆಯಲೇ ಇಲ್ಲ. ಒಳಗೆ ಉಳಿದ ನಾಲ್ಕು ಹನಿ ನೀರು, ಕಾದ ಸೀಸ ತಗುಲಿದ್ದೇ ಆವಿಯಾಗಿ ಸಿಡಿದಿದೆ.

ಆ ಹಸಿರು ಎಳೆಯನ್ನು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಕಣ್ಣಿನ ಭಯ ಒಂದಾದರೆ, ಈಗ ಅದಕ್ಕಿಂತ ದೊಡ್ಡದೊಂದು ಎದೆಯ ಮೇಲೆ ಕೂತಿತು. ಅವಳಿಗೆ ಗೊತ್ತಾಗಿದೆಯೇ?

ಗೊತ್ತಾಗಿತ್ತು. ಊಟಕ್ಕೆ ಕೂತವಳು ತಟ್ಟೆಯಲ್ಲಿ ಬೆರಳಾಡಿಸಿದಳು, ತುತ್ತು ಎತ್ತಲಿಲ್ಲ. ಸಂಜೆ ಪಾತ್ರೆಗೆ ಕರೆದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. “ನಂಗೆ ಏನಾದ್ರೂ ಹೇಳೋದಿದೆಯಾ ಕಂದಾ?” ಎಂದೆ. ಇಲ್ಲವೆಂದು ತಲೆಯಾಡಿಸಿದಳು. ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಅವಳು ಹುಟ್ಟಿದಾಗಿನಿಂದ ನನಗೆ ಅದು ಕೇಳಿಸಿರಲಿಲ್ಲ.

ನಾನೇ ಹೇಳಿಬಿಡಬಹುದಿತ್ತು. ಆದರೆ ನಾನು ಬಾಯಿ ಬಿಟ್ಟರೆ ಅದು ಆರೋಪವಾಗುತ್ತಿತ್ತು. ಅವಳ ಬಾಯಿಂದ ಬಂದರೆ ಭಾರ ಇಳಿಯುತ್ತಿತ್ತು. ಕಾದೆ.

ದೀಪ ಹಚ್ಚುವ ಹೊತ್ತಿಗೆ ಅವರು ಎದ್ದು ಕೂತರು. “ಅಚ್ಚು ಒಣಗಿತ್ತು ಕಣೇ, ನಾನೇ ಹೊಗೆ ಹಿಡಿಸಿದ್ದು. ನೀರು ಎಲ್ಲಿಂದ ಬಂತು? ಅದನ್ನ ತಾ ಇಲ್ಲಿ.”

ತರದೇ ಇರಲು ನೆಪ ಹೊಳೆಯಲಿಲ್ಲ. ತಂದುಕೊಟ್ಟೆ. ಅವರು ಅಚ್ಚಿನ ಗೆರೆಯೊಳಗೆ ಹೆಬ್ಬೆರಳು ಆಡಿಸಿ, ಬೆರಳನ್ನು ಒಳ್ಳೆಯ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಬೆರಳು ಸ್ವಚ್ಛವಾಗಿತ್ತು. ಆಮೇಲೆ ನನ್ನನ್ನು ನೋಡಿದರು. ನಾನು ಬಾಗಿಲ ಕಡೆ ಕಣ್ಣು ಹೊರಳಿಸಿದೆ. ಬಾಗಿಲ ಹಿಂದೆ ಎರಡು ಪುಟ್ಟ ಪಾದಗಳು ಕಾಣುತ್ತಿದ್ದವು.

ನೋವಿನಲ್ಲಿರುವ ಮನುಷ್ಯ. ಒಂದು ಬಿರುಸಿನ ಮಾತು ಸಾಕಾಗಿತ್ತು.

ಅವರು ಅಚ್ಚನ್ನು ಮೆಲ್ಲಗೆ ಮುಚ್ಚಿದರು. ಆಮೇಲೆ, ಬೇಕೆಂದೇ ಜೋರಾಗಿ, “ದಡ್ಡ ನಾನು,” ಎಂದರು. “ಸುರಿಯೋ ಮೊದಲು ಅಚ್ಚನ್ನ ಒಲೆ ಅಂಚಲ್ಲಿಟ್ಟು ಕಾಯಿಸು, ಇಬ್ಬನಿ ಬಿದ್ದಿದ್ರೂ ಆರಿಹೋಗುತ್ತೆ ಅಂತ ದೋಣಿಯವನು ಬಡ್ಕೊಂಡಿದ್ದ. ಕಾಯಿಸ್ಲಿಲ್ಲ. ಕನ್ನಡಕಾನ ಹಣೆಗೆ ಹಾಕ್ಕೊಂಡೆ, ಹಣೇಲಿ ಕಣ್ಣಿರೋ ಹಾಗೆ.”

ಪಾದಗಳು ಹಿಂದೆ ಸರಿದವು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಡಬೇಕಿತ್ತು. ಆಟೋದವನು ಬರುವುದು ಇನ್ನೂ ತಡವಿತ್ತು. ಸುಮ್ಮನೆ ಕೂತರೆ ಕೆಟ್ಟದ್ದೇ ಹೊಳೆಯುತ್ತದೆಂದು, ಮಣ್ಣಾದ ಹೊದಿಕೆಯನ್ನು ಮತ್ತೆ ಒಗೆದೆ. ಅವರು ಪಟ್ಟಿ ಕಟ್ಟಿದ ಮುಖ ಹೊತ್ತು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದರು. ಮುಖಕ್ಕೆ ಬಿಸಿಲು ಬಿದ್ದಿತ್ತು. ಮುಚ್ಚಿದ ಕಣ್ಣಿಗೆ ಬೆಳಕು ತಿಳಿಯುತ್ತಿದೆಯೋ ಇಲ್ಲವೋ, ಕೇಳಲು ನನಗೆ ಧೈರ್ಯವಾಗಲಿಲ್ಲ.

“ಇನ್ನೊಂದು ತುದಿ ಹಿಡಿಯೋರು ಬೇಕಿತ್ತಲ್ಲ,” ಎಂದು ಗಾಳಿಗೆ ಹೇಳಿದೆ.

ತುಂಬ ಹೊತ್ತಿನ ಮೇಲೆ ಬಂದಳು. ತುದಿ ಹಿಡಿದಳು. ನಾನು ತಿರುವಿದೆ. ಅವಳು ಗಿರಕಿ ಹೊಡೆಯಲಿಲ್ಲ, ಕಾಲೂರಿ ನಿಂತು ಬಟ್ಟೆಯನ್ನೇ ತಿರುವಿದಳು. ನೀರು ಧಾರೆಯಾಗಿ ಇಳಿಯಿತು, ಆಮೇಲೆ ಹನಿಯಾಯಿತು. ಸಾಕು ಎಂದೆ. ಅವಳು ಬಿಡಲಿಲ್ಲ. ಬೆರಳ ಗೆಣ್ಣುಗಳು ಬೆಳ್ಳಗಾಗುವವರೆಗೆ ತಿರುವುತ್ತಲೇ ಇದ್ದಳು.

“ಪೂರ್ತಿ ಹೋಗಲ್ಲ ಕಂದಾ. ಉಳಿದಿದ್ದು ಬಿಸಿಲಲ್ಲಿ ಆರುತ್ತೆ.”

ಅವಳು ನಿಲ್ಲಿಸಿದಳು. ತುದಿ ಮಾತ್ರ ಕೈಯಲ್ಲೇ ಇತ್ತು. ಮೆಟ್ಟಿಲ ಮೇಲಿದ್ದ ಅಪ್ಪನನ್ನು ನೋಡಿದಳು. ಅವರು ಮುಖ ಇತ್ತ ತಿರುಗಿಸಿ, ಪಕ್ಕದಲ್ಲಿ ಅವಳಿಗೆ ಜಾಗವಾಗುವಷ್ಟು ಸರಿದು ಕೂತರು. ಒಂದು ಇಡೀ ದಿನ ಬಳಸದೆ ಇದ್ದ ದನಿ ಒಡೆದುಕೊಂಡು ಬಂತು.

“ಅಮ್ಮಾ, ನಾನು ತೊಳೆದಿದ್ದಕ್ಕೇನಾ?”